ಫೇಲಾದ ಪತ್ರಿಕೆಯನ್ನು ಬಿಡಿಸಿ ನೋಡುವುದು ಹೇಗೆ: ಪದವಿ ವಿದ್ಯಾರ್ಥಿಗಳಿಗೆ ಹಂತ ಹಂತವಾಗಿ

ಫಲಿತಾಂಶ ಬಂದು ಒಂದು ವಿಷಯ ಕೈಕೊಟ್ಟಿದೆ ಎಂದು ಗೊತ್ತಾದ ದಿನ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ: "ಮುಂದಿನ ಸಲ ಇನ್ನೂ ಜಾಸ್ತಿ ಓದ್ತೀನಿ." ತಪ್ಪು ಮಾತೇನಲ್ಲ. ಆದರೆ ಏನನ್ನು ಜಾಸ್ತಿ ಓದಬೇಕು, ಓದಿದ್ದು ಪರೀಕ್ಷೆಯ ಹೊತ್ತಿಗೆ ಎಲ್ಲಿ ಹೋಯಿತು, ಗೊತ್ತಿದ್ದೂ ಎಷ್ಟು ಅಂಕ ಕಳೆದುಕೊಂಡೆ ಎಂಬುದರ ಸುಳಿವೇ ಅದರಲ್ಲಿಲ್ಲ. ಹಳೆಯ ಕ್ರಮದಲ್ಲೇ ಎರಡರಷ್ಟು ಹೊತ್ತು ಕೂತರೆ ಮರುಪರೀಕ್ಷೆಯಲ್ಲೂ ಅದೇ ಜಾಗಗಳಲ್ಲಿ ಅಂಕ ಹೋಗುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಇಲ್ಲಿ ಓದುವುದಕ್ಕಿಂತ ಮುಂಚಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲ ಎರಡು ದಿನ

ಈ ಎರಡು ದಿನ ದೊಡ್ಡ ತೀರ್ಮಾನ ಯಾವುದೂ ಬೇಡ. ಕೋರ್ಸ್ ಬಿಡುವುದು, ವಿಭಾಗ ಬದಲಿಸುವುದು, ಎಲ್ಲ ಗುಂಪುಗಳಿಂದ ಹೊರಬರುವುದು, ಇವೆಲ್ಲ ಕಾಯಬಹುದಾದ ವಿಷಯಗಳು. ಕಾಯದಿರುವುದು ದಿನಾಂಕಗಳು ಮಾತ್ರ. ಉತ್ತರ ಪತ್ರಿಕೆಯ ಪ್ರತಿ ಕೇಳಲು ಕೊನೆಯ ದಿನ, ಮರುಎಣಿಕೆ ಮತ್ತು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಅವಧಿ, ಮರುಪರೀಕ್ಷೆಯ ನೋಂದಣಿ: ಈ ಮೂರನ್ನು ಸುತ್ತೋಲೆಯಲ್ಲಿ ನೋಡಿ ಫೋನಿನ ಕ್ಯಾಲೆಂಡರಿಗೆ ಹಾಕಿ. ಪ್ರತಿಯೊಂದಕ್ಕೂ ಎರಡು ದಿನ ಮುಂಚೆ ನೆನಪಿನ ಗಂಟೆ ಇಡಿ. ಬೇಜಾರಿನಲ್ಲಿ ಕೋಣೆಯೊಳಗೆ ಉಳಿದು ಈ ಅವಧಿ ದಾಟಿಸಿಕೊಳ್ಳುವವರು ಬಹಳ ಮಂದಿ. ಒಂದು ವಿಷಯದ ಸೋಲು ಒಂದು ಇಡೀ ವರ್ಷದ ನಷ್ಟವಾಗುವುದು ಹೆಚ್ಚಾಗಿ ಇಲ್ಲಿಯೇ.

ವಿದ್ಯಾರ್ಥಿವೇತನ, ಶಿಕ್ಷಣ ಸಾಲ, ಹಾಸ್ಟೆಲ್ ಸೀಟು, ವಿದೇಶದಲ್ಲಿ ಓದುತ್ತಿದ್ದರೆ ವೀಸಾ, ಇವುಗಳಲ್ಲಿ ಯಾವುದಕ್ಕಾದರೂ ಕನಿಷ್ಠ ಅಂಕ ಅಥವಾ ಕ್ರೆಡಿಟ್ ಷರತ್ತು ಇದೆಯೇ ಎಂದು ನೋಡಿ. ಇದ್ದರೆ ಅವರು ಪತ್ರ ಕಳಿಸುವ ಮೊದಲೇ ಸಂಬಂಧಪಟ್ಟ ಕಚೇರಿಗೆ ನೀವೇ ಹೋಗಿ ಕೇಳುವುದು ಒಳ್ಳೆಯದು. ಮೊದಲೇ ಬಂದು ಕೇಳಿದವರಿಗೆ ಸಿಗುವ ಸಡಿಲಿಕೆ ನೋಟಿಸ್ ತಲುಪಿದ ಮೇಲೆ ಬಂದವರಿಗೆ ಸಿಗುವುದು ಕಷ್ಟ.

ಮನೆಯವರಿಗೆ ಹೇಳುವುದನ್ನು ಮುಂದೂಡುತ್ತಾ ಹೋದಷ್ಟೂ ಹೇಳಬೇಕಾದ ಮಾತು ಭಾರವಾಗುತ್ತದೆ. ಎಲ್ಲರಿಗೂ ಒಟ್ಟಿಗೆ ಹೇಳಬೇಕೆಂದಿಲ್ಲ, ಒಬ್ಬರಿಗಾದರೂ ಹೇಳಿ. ಹೇಳುವಾಗ ಮೂರು ವಿಷಯ ಸಾಕು: ಯಾವ ವಿಷಯ, ಮರುಪರೀಕ್ಷೆ ಯಾವಾಗ, ಈ ವಾರ ಏನು ಮಾಡುತ್ತೀರಿ. ಆದರೆ ಬದುಕೇ ಬೇಡ ಎನ್ನುವ ಯೋಚನೆ ಒಮ್ಮೆ ಸುಳಿದರೂ ಈ ಲೇಖನವನ್ನು ಇಲ್ಲಿಗೇ ಬಿಡಿ. ತಕ್ಷಣ ಹತ್ತಿರದವರೊಬ್ಬರ ಜೊತೆಗಿರಿ. ಆಪ್ತ ಸಮಾಲೋಚಕರಿಗೋ ವೈದ್ಯರಿಗೋ ಸಹಾಯವಾಣಿಗೋ ಅದೇ ದಿನ ಮಾತಾಡಿ. ಓದಿನ ಲೆಕ್ಕ ಆಮೇಲೆ.

ನಿಜವಾಗಿ ಎಷ್ಟು ನಷ್ಟವಾಗಿದೆ

"ಫೇಲ್" ಎಂಬ ಪದದ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಒಟ್ಟು ಅಂಕ ಸಾಕಷ್ಟಿದ್ದೂ ಲಿಖಿತ ಪರೀಕ್ಷೆಯ ಕನಿಷ್ಠ ಅಂಕ ಬಂದಿಲ್ಲದಿರಬಹುದು. ಇಂಟರ್ನಲ್ಸ್‌ನಲ್ಲೇ ಬಿದ್ದಿರಬಹುದು. ಹಾಜರಾತಿ ಕೊರತೆ ಇರಬಹುದು. ಪ್ರಾಯೋಗಿಕ ದಾಖಲೆ ಪುಸ್ತಕ ಸಲ್ಲಿಸಿಲ್ಲದಿರಬಹುದು. ಪರಿಹಾರ ಒಂದೊಂದಕ್ಕೂ ಬೇರೆ. ಹಾಜರಾತಿಯಿಂದ ನಿಂತಿದ್ದರೆ ಎಷ್ಟು ಓದಿದರೂ ಮರುಪರೀಕ್ಷೆಗೆ ಕೂರಲು ಬಿಡದೆ ಇಡೀ ಕೋರ್ಸನ್ನು ಮತ್ತೆ ಮಾಡಿಸಬಹುದು.

ನಿಯಮಾವಳಿಯಲ್ಲಿ ಹುಡುಕಬೇಕಾದ ಪ್ರಶ್ನೆಗಳಿವು: ಈ ವಿಷಯಕ್ಕೆ ಎಷ್ಟು ಅವಕಾಶಗಳಿವೆ? ಮರುಪರೀಕ್ಷೆಯಲ್ಲಿ ಬರುವ ಗ್ರೇಡಿಗೆ ಮಿತಿ ಇದೆಯೇ? ಹೊಸ ಗ್ರೇಡ್ ಹಳೆಯದರ ಜಾಗಕ್ಕೆ ಬರುತ್ತದೆಯೇ, ಅಥವಾ ಎರಡೂ ಅಂಕಪಟ್ಟಿಯಲ್ಲಿ ಉಳಿಯುತ್ತವೆಯೇ? ಇದು ಪಾಸಾಗದೆ ತೆಗೆದುಕೊಳ್ಳಲಾಗದ ಮುಂದಿನ ವಿಷಯ ಯಾವುದು? ಈ ಕೊನೆಯ ಪ್ರಶ್ನೆಯನ್ನು ಮರೆತವರು ನಾಲ್ಕನೇ ಸೆಮಿಸ್ಟರಿನಲ್ಲಿ ಸಿಕ್ಕಿಬೀಳುತ್ತಾರೆ. ಹಿರಿಯ ವಿದ್ಯಾರ್ಥಿಗಳು ಹೇಳುವುದನ್ನು ಕೇಳಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಅವರು ಓದಿದ ಕಾಲದ ನಿಯಮ ಬದಲಾಗಿರಬಹುದು.

ಸಿಜಿಪಿಎ ಬಗ್ಗೆ ಭಯವಿದ್ದರೆ ಕೂತು ಲೆಕ್ಕ ಹಾಕಿ. 60 ಕ್ರೆಡಿಟ್ ಮುಗಿಸಿ 7.2 ಇದೆ ಎಂದುಕೊಳ್ಳೋಣ. ಅಲ್ಲಿಗೆ 60 × 7.2 = 432 ಗ್ರೇಡ್ ಅಂಕ. ಈಗ 4 ಕ್ರೆಡಿಟ್ಟಿನ ವಿಷಯದಲ್ಲಿ ಸೊನ್ನೆ ಬಂದರೆ 432 ÷ 64 = 6.75. ಅದೇ ವಿಷಯವನ್ನು ಮುಂದಿನ ಸಲ 6 ಗ್ರೇಡ್ ಅಂಕದಲ್ಲಿ ಪಾಸು ಮಾಡಿ, ಹಳೆಯ ಸೊನ್ನೆ ಹೋಗುವ ನಿಯಮವಿದ್ದರೆ 456 ÷ 64 = 7.125. ರಾತ್ರಿ ಮಲಗಿದಾಗ ತಲೆಯಲ್ಲಿ ಬೆಳೆಯುವ ಅಂದಾಜಿಗಿಂತ ಕಾಗದದ ಮೇಲಿನ ನಷ್ಟ ಸಾಮಾನ್ಯವಾಗಿ ಚಿಕ್ಕದು.

ಉತ್ತರ ಪತ್ರಿಕೆ ತರಿಸಿಕೊಳ್ಳಿ

ಪ್ರತಿ ಸಿಗುವ ವ್ಯವಸ್ಥೆ ಇದ್ದರೆ ಮರುಮೌಲ್ಯಮಾಪನದ ಯೋಚನೆ ಇಲ್ಲದಿದ್ದರೂ ತರಿಸಿಕೊಳ್ಳಿ. ಪ್ರತಿ ಕೊಡುವುದಿಲ್ಲ, ಕಚೇರಿಯಲ್ಲಿ ಕೂತು ನೋಡಬಹುದು ಎಂದರೆ ಪ್ರಶ್ನೆಪತ್ರಿಕೆಯನ್ನೂ ಒಂದು ಹಾಳೆಯನ್ನೂ ಹಿಡಿದು ಹೋಗಿ. ಅದೂ ಇಲ್ಲವೆಂದರೆ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು, ಪುಸ್ತಕ ಮುಚ್ಚಿ, ಅಂದು ಬರೆದದ್ದನ್ನು ನೆನಪಿನಿಂದ ಮತ್ತೆ ಬರೆಯಿರಿ. ಅಂದಾಜಾದರೂ ಉಪಯೋಗಕ್ಕೆ ಬರುತ್ತದೆ.

ಮರುಎಣಿಕೆಗೆ ಹಾಕಬೇಕೇ ಎಂಬ ತೀರ್ಮಾನ ಸುಲಭ. ಒಳಪುಟದ ಅಂಕಗಳನ್ನು ಕೂಡಿ ಮುಖಪುಟದ ಮೊತ್ತಕ್ಕೆ ತಾಳೆ ನೋಡಿ. ಅಂಕವನ್ನೇ ಹಾಕದೆ ಬಿಟ್ಟ ಉತ್ತರ, ಹೆಚ್ಚುವರಿ ಹಾಳೆಯಲ್ಲಿ ಬರೆದು ಲೆಕ್ಕಕ್ಕೆ ಬಾರದ ಭಾಗ ಕಂಡರೆ ಹಾಕಿ. ಮರುಮೌಲ್ಯಮಾಪನದ ಮಾತು ಬೇರೆ. ಪಠ್ಯಪುಸ್ತಕದ ಉತ್ತರವನ್ನು ಪಕ್ಕದಲ್ಲಿಟ್ಟು ನಿಮ್ಮ ಉತ್ತರಕ್ಕೆ ನೀವೇ ಕಟ್ಟುನಿಟ್ಟಾಗಿ ಅಂಕ ಹಾಕಿ ನೋಡಿ. ಪಾಸಿನ ಗೆರೆಗಿಂತ ಎರಡು ಮೂರು ಅಂಕ ಕಡಿಮೆ ಇದ್ದು, ನಿಮ್ಮ ಲೆಕ್ಕದಲ್ಲಿ ಏಳೆಂಟು ಅಂಕ ಸಿಗಬೇಕಿತ್ತು ಎಂದಾದರೆ ಅರ್ಜಿಗೆ ಅರ್ಥವಿದೆ. ಹದಿನೈದು ಅಂಕ ಕಡಿಮೆ ಇದ್ದಾಗ "ನೋಡೋಣ" ಎಂದು ಹಾಕಿದರೆ ಹೋಗುವುದು ಶುಲ್ಕ ಮಾತ್ರವಲ್ಲ, ಫಲಿತಾಂಶ ಬರುವವರೆಗೆ ಪುಸ್ತಕ ತೆರೆಯದೆ ಕಳೆಯುವ ವಾರಗಳೂ ಹೋಗುತ್ತವೆ. ಅಂಕ ಇಳಿಯುವ ಸಾಧ್ಯತೆ ಇದೆಯೇ ಎಂಬುದನ್ನೂ ನಿಯಮದಲ್ಲಿ ಓದಿಕೊಳ್ಳಿ. ಅರ್ಜಿ ಹಾಕಿದ್ದರೂ ಮರುಪರೀಕ್ಷೆಯ ನೋಂದಣಿಯನ್ನು ಬಿಡಬೇಡಿ.

ಅಂಕ ಎಲ್ಲಿ ಸೋರಿತು

ಇಡೀ ಕೆಲಸದ ಜೀವಾಳ ಇದು. ಒಂದು ಸಂಜೆ, ಸುಮಾರು ಎರಡು ಗಂಟೆ ಬೇಕು.

ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಪ್ರಶ್ನೆ ಸಂಖ್ಯೆ, ಹೋದ ಅಂಕ, ಹೋದ ಬಗೆ, ಅದರ ಹಿಂದಿನ ಕಾರಣ. ಬಗೆಯ ಕಾಲಮ್ಮಿಗೆ ಆರು ಗುರುತು ಸಾಕು.

ಗೊತ್ತಿಲ್ಲ: ಆ ಪಾಠವನ್ನು ಓದಿಯೇ ಇರಲಿಲ್ಲ.
ನೆನಪಿಲ್ಲ: ಓದಿದ್ದೆ, ಪರೀಕ್ಷಾ ಕೊಠಡಿಯಲ್ಲಿ ಬರಲಿಲ್ಲ, ಅಥವಾ ಸ್ವಲ್ಪ ತಿರುಗಿಸಿ ಕೇಳಿದ್ದಕ್ಕೆ ಹೊಳೆಯಲಿಲ್ಲ.
ತಪ್ಪು ತಿಳಿವಳಿಕೆ: ಸರಿ ಎಂದುಕೊಂಡೇ ತಪ್ಪು ಬರೆದೆ.
ಪ್ರಶ್ನೆ: ಕೇಳಿದ್ದು ಒಂದು, ಬರೆದದ್ದು ಇನ್ನೊಂದು.
ಕೈತಪ್ಪು: ಲೆಕ್ಕ, ಚಿಹ್ನೆ, ಏಕಮಾನ, ನಕಲು ಇಳಿಸುವಾಗಿನ ತಪ್ಪು.
ಸಮಯ: ಗೊತ್ತಿತ್ತು, ಬರೆಯಲು ಹೊತ್ತು ಉಳಿಯಲಿಲ್ಲ.

ಒಂದು ಉದಾಹರಣೆ. 100ಕ್ಕೆ 31 ಬಂದಿದೆ, ಪಾಸಿಗೆ 40 ಬೇಕು. ಹೋದ 69 ಅಂಕ ಹೀಗೆ ಹಂಚಿಹೋಗಿದೆ ಎನ್ನಿ: ಗೊತ್ತಿಲ್ಲ 18, ನೆನಪಿಲ್ಲ 22, ತಪ್ಪು ತಿಳಿವಳಿಕೆ 7, ಪ್ರಶ್ನೆ 6, ಕೈತಪ್ಪು 5, ಸಮಯ 11. ಕೊನೆಯ ಮೂರನ್ನು ಕೂಡಿದರೆ 22. ಹೊಸದಾಗಿ ಒಂದು ಸಾಲನ್ನೂ ಕಲಿಯದೆ ಇದರ ಅರ್ಧವನ್ನು ಉಳಿಸಿಕೊಂಡಿದ್ದರೂ ಪಾಸಾಗುತ್ತಿತ್ತು. ದೊಡ್ಡ ಸೋರಿಕೆ "ನೆನಪಿಲ್ಲ" ಎಂಬಲ್ಲಿದೆ. ಅಂದರೆ ಓದಿದ ಗಂಟೆಗಳು ಕಡಿಮೆಯಾಗಿರಲಿಕ್ಕಿಲ್ಲ, ಓದಿದ ರೀತಿ ಸರಿಯಿರಲಿಲ್ಲ. ಈ ವಿದ್ಯಾರ್ಥಿ "ಇನ್ನೂ ಜಾಸ್ತಿ ಓದ್ತೀನಿ" ಎಂದು ಅದೇ ನೋಟ್ಸನ್ನು ಮತ್ತೆ ಐದು ಸಲ ಓದಿದರೆ ಹೆಚ್ಚು ಪ್ರಯೋಜನವಿಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಒಂದು, ಎಲ್ಲವನ್ನೂ "ಕೈತಪ್ಪು" ಎಂದು ಬರೆದುಬಿಡುವುದು, ಏಕೆಂದರೆ ಅದು ನೋಯಿಸುವುದಿಲ್ಲ. ಪರೀಕ್ಷೆ ಮಾಡುವ ವಿಧಾನ ಸರಳ: ಅದೇ ಪ್ರಶ್ನೆಯನ್ನು ಈಗ, ಪುಸ್ತಕ ನೋಡದೆ ಬಿಡಿಸಿ. ಸರಿಯಾಗಿ ಬಂದರೆ ಕೈತಪ್ಪು. ಮತ್ತೆ ಅಲ್ಲಿಯೇ ನಿಂತರೆ ಅದು ತಿಳಿವಳಿಕೆಯದೋ ನೆನಪಿನದೋ ತೊಂದರೆ. ಅನಿಲ ನಿಯಮದ ಲೆಕ್ಕದಲ್ಲಿ ಒತ್ತಡವನ್ನು ಅಟ್ಮಾಸ್ಫಿಯರಿನಲ್ಲೂ ಗಾತ್ರವನ್ನು ಲೀಟರಿನಲ್ಲೂ ಇಟ್ಟು, ಅನಿಲ ಸ್ಥಿರಾಂಕಕ್ಕೆ (R) 0.0821 ಹಾಕುವ ಬದಲು 8.314 ಹಾಕಿದವರು ಅದನ್ನು ಕೈತಪ್ಪು ಎನ್ನುತ್ತಾರೆ. ಎರಡು ಸಲ ಹಾಗೆಯೇ ಮಾಡಿದರೆ ಏಕಮಾನಗಳ ತಿಳಿವಳಿಕೆಯೇ ಸಡಿಲವಾಗಿದೆ ಎಂದರ್ಥ.

ಇನ್ನೊಂದು, ನಾಲ್ಕನೆಯ ಕಾಲಮ್ಮನ್ನು ಖಾಲಿ ಬಿಡುವುದು. ಪ್ರತಿ ದೊಡ್ಡ ನಷ್ಟಕ್ಕೂ "ಯಾಕೆ?" ಎಂದು ಕೇಳಿ, ಬಂದ ಉತ್ತರಕ್ಕೂ ಮತ್ತೆ ಕೇಳಿ. ಅವಕಲ ಸಮೀಕರಣ ಬಿಡಿಸಲಾಗಲಿಲ್ಲ. ಯಾಕೆ? ಚರಗಳನ್ನು ಬೇರ್ಪಡಿಸಿದೆ, ಅನುಕಲನದಲ್ಲಿ ನಿಂತಿತು. ಯಾಕೆ? ಭಾಗಶಃ ಭಿನ್ನರಾಶಿಗೆ ಒಡೆಯಲು ಬರಲಿಲ್ಲ. ಅಂದರೆ ಹಳ್ಳ ಈ ಸೆಮಿಸ್ಟರಿನದಲ್ಲ, ಹಿಂದಿನ ಕೋರ್ಸಿನದು. ಅವಕಲ ಸಮೀಕರಣದ ಅಧ್ಯಾಯವನ್ನು ಹತ್ತು ಸಲ ಓದಿದರೂ ಅದು ತುಂಬುವುದಿಲ್ಲ. ಭಾಗಶಃ ಭಿನ್ನರಾಶಿಯ ಮೂವತ್ತು ಲೆಕ್ಕ ಮಾಡಿದರೆ ತುಂಬುತ್ತದೆ.

"ತಪ್ಪು ತಿಳಿವಳಿಕೆ" ಎಂದು ಗುರುತಿಸಿದ ಅಂಕಗಳು ಕಡಿಮೆಯಿದ್ದರೂ ಮೊದಲು ಅವನ್ನೇ ಹಿಡಿಯಿರಿ. ಬೆಲೆ ಏರಿದಾಗ ಕೊಳ್ಳುವ ಪ್ರಮಾಣ ಇಳಿಯುವುದನ್ನು ಬೇಡಿಕೆಯ ರೇಖೆಯೇ ಪಲ್ಲಟವಾಯಿತು ಎಂದು ಬರೆದವರು, ರೋಗವಿದ್ದಾಗ ಪರೀಕ್ಷೆ ಪಾಸಿಟಿವ್ ಬರುವ ಸಂಭವನೀಯತೆಯನ್ನೇ ಪಾಸಿಟಿವ್ ಬಂದವರಿಗೆ ರೋಗವಿರುವ ಸಂಭವನೀಯತೆ ಎಂದುಕೊಂಡವರು ಅದೇ ತಪ್ಪನ್ನು ಮುಂದಿನ ಮೂರು ಕೋರ್ಸಿಗೂ ಹೊತ್ತೊಯ್ಯುತ್ತಾರೆ. ಸಮಾಧಾನದ ಸಂಗತಿಯೂ ಒಂದಿದೆ. 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಪ್ರಕಟಿಸಿದ ಪ್ರಯೋಗದಲ್ಲಿ, ಜನ ಗಟ್ಟಿಯಾಗಿ ಸರಿಯೆಂದು ನಂಬಿ ಹೇಳಿದ ತಪ್ಪುಗಳೇ ಸರಿಯುತ್ತರ ತಿಳಿಸಿದ ಮೇಲೆ ಹೆಚ್ಚು ಚೆನ್ನಾಗಿ ತಿದ್ದಿಹೋದವು. ಆದ್ದರಿಂದ ಪತ್ರಿಕೆಯಲ್ಲಿ "ಇದು ಹೇಗೆ ತಪ್ಪಾಯಿತು!" ಎಂದು ಅಚ್ಚರಿಯಾದ ಜಾಗಗಳನ್ನು ಸುತ್ತು ಹಾಕಿ ಗುರುತಿಸಿಕೊಳ್ಳಿ.

"ಪ್ರಶ್ನೆ" ಗುರುತು ಮೂರಕ್ಕಿಂತ ಹೆಚ್ಚು ಕಡೆ ಬಂದರೆ ಭಾಷೆಯ ಕಡೆಗೂ ನೋಡಬೇಕು. ಬೇರೊಂದು ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಷಯ ಗೊತ್ತಿದ್ದರೂ ಪ್ರಶ್ನೆಯ ಕ್ರಿಯಾಪದ ಕೈಕೊಡುತ್ತದೆ. ಹೋಲಿಸಿ ಎಂದಾಗ ಎರಡನ್ನೂ ಬೇರೆ ಬೇರೆ ವಿವರಿಸಿ ನಿಲ್ಲಿಸಿದರೆ ಅರ್ಧದಷ್ಟೇ ಅಂಕ. ವಿಮರ್ಶಿಸಿ ಎಂದಾಗ ಬರೀ ವಿವರಣೆ ಕೊಟ್ಟರೆ ಅದಕ್ಕೂ ಕಡಿಮೆ. ಹಳೆಯ ಐದು ಪ್ರಶ್ನೆಪತ್ರಿಕೆಗಳಿಂದ ಇಂಥ ಕ್ರಿಯಾಪದಗಳನ್ನೆಲ್ಲ ಆರಿಸಿ ಬರೆದುಕೊಂಡರೆ ಇಪ್ಪತ್ತನ್ನು ದಾಟುವುದು ಅಪರೂಪ. ಒಂದೊಂದಕ್ಕೂ ಉತ್ತರದ ಚೌಕಟ್ಟು ಹೇಗಿರಬೇಕೆಂದು ಅಧ್ಯಾಪಕರನ್ನು ಕೇಳಿ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಅಧ್ಯಾಪಕರ ಬಳಿ ಹೋಗುವುದು

"ಸರ್, ಹೇಗೆ ಓದಬೇಕು?" ಎಂದು ಕೇಳಿದರೆ "ಚೆನ್ನಾಗಿ ಓದಪ್ಪ" ಎಂಬ ಉತ್ತರವೇ ಬರುತ್ತದೆ, ಅದು ಅವರ ತಪ್ಪಲ್ಲ. ಸೋರಿಕೆಯ ಹಾಳೆಯನ್ನು ಹಿಡಿದು, ಮೂರು ಪ್ರಶ್ನೆ ಬರೆದುಕೊಂಡು, ಹದಿನೈದು ನಿಮಿಷ ಕೇಳಿ. ಮೊದಲು ಹೀಗೊಂದು ಮೇಲ್ ಕಳಿಸಬಹುದು:

"ನಮಸ್ಕಾರ ಮೇಡಂ. ಮೂರನೇ ಸೆಮಿಸ್ಟರಿನ ಸಂಖ್ಯಾಶಾಸ್ತ್ರದಲ್ಲಿ ನನಗೆ 31 ಅಂಕ ಬಂದಿದೆ. ಉತ್ತರ ಪತ್ರಿಕೆ ನೋಡಿದ್ದೇನೆ. ಪ್ರಶ್ನೆ 3 ಮತ್ತು 7ರಲ್ಲಿ ನನ್ನ ತರ್ಕ ಎಲ್ಲಿ ತಪ್ಪಿತು ಎಂಬುದು ಸ್ಪಷ್ಟವಾಗಿಲ್ಲ, ಎರಡನ್ನೂ ಮತ್ತೆ ಬಿಡಿಸಿ ತರುತ್ತೇನೆ. ಈ ವಾರ ಹದಿನೈದು ನಿಮಿಷ ಸಿಗಬಹುದೇ?"

ಅಂಕ ಹಾಕಿಕೊಡಿ ಎಂಬ ಧ್ವನಿ ಎಲ್ಲೂ ಬರಬಾರದು. ಹೋದಾಗ ಕೇಳಲೇಬೇಕಾದ ಒಂದು ಪ್ರಶ್ನೆ: "ಈ ಉತ್ತರಕ್ಕೆ ಪೂರ್ತಿ ಅಂಕ ಬರಬೇಕಾದರೆ ಏನೇನು ಇರಬೇಕಿತ್ತು?" ಹತ್ತು ಅಂಕದ ಉತ್ತರದಲ್ಲಿ ವ್ಯಾಖ್ಯೆಗೆ ಎಷ್ಟು, ಚಿತ್ರಕ್ಕೆ ಎಷ್ಟು, ಹಂತಗಳಿಗೆ ಎಷ್ಟು ಎಂಬುದು ತಿಳಿದರೆ ಒಂದು ವಾರದ ಓದು ಉಳಿಯುತ್ತದೆ.

ಓದುವ ರೀತಿ ಬದಲಿಸುವುದು

ನೋಟ್ಸನ್ನು ಮತ್ತೆ ಮತ್ತೆ ಓದುವುದು, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದು, ವಿಡಿಯೊ ನೋಡುವುದು, ಈ ಮೂರರಲ್ಲೂ ಪುಟ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ಕಲಿಕೆ ಎಂದು ಮನಸ್ಸು ನಂಬುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪುಟ ಎದುರಿಗಿರುವುದಿಲ್ಲ.

ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: 83 ಶೇಕಡಾ, ಬರೆದವರದು 71. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ಉಳಿದದ್ದು 40, ಬರೆದವರಿಗೆ 61. ಹಿಂದಿನ ರಾತ್ರಿ "ಎಲ್ಲಾ ಬರುತ್ತೆ" ಅನ್ನಿಸಿ ವಾರದ ಮೇಲೆ ಖಾಲಿಯಾಗುವುದರ ಗುಟ್ಟು ಈ ಅಂಕಿಗಳಲ್ಲಿದೆ.

ದಿನನಿತ್ಯ ಇದನ್ನು ಹೀಗೆ ಮಾಡಿ. ಒಂದು ವಿಭಾಗವನ್ನು 25ರಿಂದ 30 ನಿಮಿಷ ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ಹತ್ತು ನಿಮಿಷ, ನೆನಪಿರುವುದನ್ನೆಲ್ಲ ಬರೆಯಿರಿ: ವ್ಯಾಖ್ಯೆ, ಸೂತ್ರ, ಚಿತ್ರ, ಒಂದು ಉದಾಹರಣೆ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಮುಂದಿನ ಸಲ ಓದಬೇಕಾದದ್ದು ಆ ಬೇರೆ ಬಣ್ಣದ ಸಾಲುಗಳನ್ನು ಮಾತ್ರ. ಮೊದಲ ಒಂದು ವಾರ ಹಾಳೆ ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿಯುತ್ತದೆ, ಓದು ನಿಧಾನವಾದಂತೆ ಕಾಣುತ್ತದೆ, ಸಾಕೆನಿಸುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಈ ವಾರದಲ್ಲೇ. ಆದರೆ ತಡಕಾಡಿ ನೆನಪಿಸಿಕೊಳ್ಳುವ ಆ ಕಷ್ಟವೇ ಕೆಲಸ ಮಾಡುತ್ತಿರುವುದು.

ಲೆಕ್ಕದ ವಿಷಯಗಳಲ್ಲಿ ಇನ್ನೊಂದು ಬಲೆಯಿದೆ. ಬಿಡಿಸಿದ ಉದಾಹರಣೆಯನ್ನು ಓದುತ್ತಾ ಹೋದರೆ ಪ್ರತಿ ಹೆಜ್ಜೆಯೂ "ಹೌದಲ್ಲ" ಎನಿಸುತ್ತದೆ, ಮುಂದಿನ ಹೆಜ್ಜೆ ಯಾವುದೆಂದು ನೀವೇ ಆರಿಸುವ ಪ್ರಸಂಗ ಬರುವುದೇ ಇಲ್ಲ. ಉದಾಹರಣೆಯ ಉತ್ತರವನ್ನು ಕಾಗದದಿಂದ ಮುಚ್ಚಿ, ಒಂದೊಂದು ಸಾಲು ನೀವು ಬರೆದ ಮೇಲೆ ಸರಿಸಿ ನೋಡಿ. ಒಂದು ಅಧ್ಯಾಯದ ಲೆಕ್ಕಗಳು ಬರತೊಡಗಿದ ಮೇಲೆ ಬೇರೆ ಅಧ್ಯಾಯದವುಗಳ ಜೊತೆ ಕಲಸಿ ಮಾಡಿ. ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಹೀಗೆ ಕೊಟ್ಟು ನೋಡಿದರು. ಅಭ್ಯಾಸದ ಹೊತ್ತಿನಲ್ಲಿ ಒಂದೇ ಬಗೆಯದನ್ನು ಸಾಲಾಗಿ ಮಾಡಿದವರು 89 ಶೇಕಡಾ ಸರಿ, ಕಲಸಿ ಮಾಡಿದವರು 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರು 20ಕ್ಕೆ ಕುಸಿದರು, ಕಲಸಿದವರು 63ರಲ್ಲಿ ನಿಂತರು. ಪರೀಕ್ಷೆಯಲ್ಲಿ ಪ್ರಶ್ನೆಯ ಮೇಲೆ "ಇದು ನಾಲ್ಕನೇ ಅಧ್ಯಾಯ" ಎಂದು ಬರೆದಿರುವುದಿಲ್ಲವಲ್ಲ. ಯಾವ ಸೂತ್ರ ಎಂದು ಆರಿಸುವುದೂ ಕಲಿಯಬೇಕಾದ ವಿದ್ಯೆಯೇ.

ಮರೆವಿಗೆ ಅಂತರವೇ ಮದ್ದು. ತಪ್ಪಿದ ಪ್ರತಿ ಪ್ರಶ್ನೆಯನ್ನೂ ಒಂದು ತಪ್ಪುಗಳ ಪುಸ್ತಕಕ್ಕೆ ಇಳಿಸಿ: ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಸರಿಯುತ್ತರ ಮತ್ತು ತಪ್ಪಿದ ಕಾರಣ ಒಂದು ಸಾಲಿನಲ್ಲಿ. 2ನೇ ದಿನ, 7ನೇ ದಿನ, 21ನೇ ದಿನ ಬಲಪುಟ ಮುಚ್ಚಿ ಮತ್ತೆ ಬಿಡಿಸಿ. ಮೂರೂ ಸಲ ಸರಿಯಾದದ್ದಕ್ಕೆ ಅಡ್ಡಗೆರೆ. ಒಮ್ಮೆ ತಪ್ಪಿದರೂ ಅದರ ಎಣಿಕೆ ಮೊದಲಿನಿಂದ. ಈ ಪುಸ್ತಕ ಚೆಂದವಾಗಿರಬೇಕಿಲ್ಲ. ಅಲಂಕಾರಕ್ಕೆ ಹೊತ್ತು ಹೋದರೆ ಅದು ಮತ್ತೊಂದು ನೋಟ್ಸ್ ಆಗುತ್ತದೆ ಅಷ್ಟೇ.

ಬ್ಯಾಕ್‌ಲಾಗ್ ಮತ್ತು ಹೊಸ ಸೆಮಿಸ್ಟರ್ ಒಟ್ಟಿಗೆ

ಹಳೆಯ ವಿಷಯಕ್ಕಾಗಿ ಹೊಸದನ್ನು ಬಿಟ್ಟು, ಮುಂದಿನ ಫಲಿತಾಂಶದಲ್ಲಿ ಎರಡು ವಿಷಯ ಉಳಿಸಿಕೊಳ್ಳುವುದು ಸಾಮಾನ್ಯ. ಮರುಪರೀಕ್ಷೆಗೆ ಹತ್ತು ವಾರವಿದ್ದರೆ ಹಳೆಯ ವಿಷಯಕ್ಕೆ ವಾರಕ್ಕೆ ಆರು ಗಂಟೆ, ಎರಡು ಗಂಟೆಯ ಮೂರು ಬೈಠಕ್ಕು. ಒಟ್ಟು ಅರವತ್ತು ಗಂಟೆ. ಇದನ್ನು ಭಾನುವಾರ ಒಂದೇ ದಿನಕ್ಕೆ ಗುಡ್ಡೆ ಹಾಕಬೇಡಿ.

ಅರವತ್ತು ಗಂಟೆಯಲ್ಲಿ ಇಡೀ ಸಿಲಬಸ್ ಹಿಡಿಸದಿರಬಹುದು. ಅಧ್ಯಾಯಗಳಿಗೆ ಎರಡು ಅಂಕಿ ಕೊಡಿ: ಹಳೆಯ ಐದು ಪತ್ರಿಕೆಗಳಲ್ಲಿ ಸರಾಸರಿ ಎಷ್ಟು ಅಂಕಕ್ಕೆ ಬಂದಿದೆ, ನಿಮಗೆ ಕಲಿಯಲು ಎಷ್ಟು ಗಂಟೆ ಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 20 ಅಂಕಕ್ಕೆ 8 ಗಂಟೆ ಕೇಳುವ ಅಧ್ಯಾಯ 10 ಅಂಕಕ್ಕೆ 9 ಗಂಟೆ ಕೇಳುವುದಕ್ಕಿಂತ ಮೊದಲು ಬರಬೇಕು. ಒಂದು ವಿನಾಯಿತಿ ಮಾತ್ರ: ಬೇರೆ ಅಧ್ಯಾಯಗಳಿಗೆ ಬುನಾದಿಯಾದದ್ದು ಎಷ್ಟೇ ಅಂಕದ್ದಾದರೂ ಮುಂದೆ ಬರಲಿ.

ಗಂಟೆಗಳ ಅಂದಾಜನ್ನು ಒಂದೂವರೆಯಿಂದ ಗುಣಿಸಿ. ಬ್ಯೂಲರ್, ಗ್ರಿಫಿನ್ ಮತ್ತು ರಾಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 33.9 ದಿನ ಬೇಕೆಂದು ಅಂದಾಜಿಸಿದ್ದರು, ಹಿಡಿದದ್ದು 55.5 ದಿನ. ಆ ವಿದ್ಯಾರ್ಥಿಗಳು ಸೋಮಾರಿಗಳಾಗಿದ್ದರು ಎಂದೇನಲ್ಲ. ಜ್ವರ, ಮದುವೆ, ಕರೆಂಟು, ಪ್ರಯೋಗಾಲಯದ ಕೆಲಸ ಇವು ಯಾರ ಅಂದಾಜಿನಲ್ಲೂ ಇರುವುದಿಲ್ಲ.

ಬೈಠಕ್ಕಿಗೆ ಹೆಸರು, ಸ್ಥಳ, ಸಮಯ ಮೂರೂ ಇರಲಿ. "ವಾರಕ್ಕೆ ಆರು ಗಂಟೆ ಓದುತ್ತೇನೆ" ಎಂಬುದು ಜಾರುತ್ತದೆ. "ಮಂಗಳವಾರ ಲ್ಯಾಬ್ ಮುಗಿದ ಕೂಡಲೇ ಗ್ರಂಥಾಲಯಕ್ಕೆ ಹೋಗಿ 2019ರ ಪತ್ರಿಕೆಯ ಮೊದಲ ಮೂರು ಪ್ರಶ್ನೆ" ಎಂಬುದು ನಿಲ್ಲುತ್ತದೆ. ಒಂದು ಬೈಠಕ್ ತಪ್ಪಿದರೆ ಮುಂದಿನದಕ್ಕೆ ಎರಡರಷ್ಟು ಹೇರಬೇಡಿ, ವಾರಕ್ಕೊಂದು ಖಾಲಿ ಗಂಟೆಯನ್ನು ಮೊದಲೇ ಇಟ್ಟು ಅಲ್ಲಿ ತುಂಬಿಕೊಳ್ಳಿ. ತಪ್ಪಿಸಿಕೊಂಡದ್ದಕ್ಕೆ ತನ್ನನ್ನು ತಾನೇ ಬೈದುಕೊಳ್ಳುವುದರಿಂದ ಲಾಭವೂ ಇಲ್ಲ: ವೋಲ್, ಪಿಚೈಲ್ ಮತ್ತು ಬೆನೆಟ್ 2010ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳೇ ಎರಡನೆಯದಕ್ಕೆ ಕಡಿಮೆ ಮುಂದೂಡಿದ್ದರು.

ನಿದ್ದೆ ಏಳು ಗಂಟೆಗಿಂತ ಕೆಳಗಿಳಿಯದಿರಲಿ. ಅದನ್ನು ಕತ್ತರಿಸಿ ಗಳಿಸಿದ ಹೊತ್ತು ಮರುದಿನದ ತರಗತಿಯಲ್ಲಿ ಹೋಗುತ್ತದೆ.

ಪರೀಕ್ಷಾ ಕೊಠಡಿಯ ಲೆಕ್ಕ

"ಸಮಯ" ಎಂಬ ಸೋರಿಕೆ ಮನೆಯಲ್ಲಿ ಮುಚ್ಚುವಂಥದ್ದು. ಮೂರು ಗಂಟೆಯ, 100 ಅಂಕದ ಪತ್ರಿಕೆಯೆಂದರೆ 180 ನಿಮಿಷ. ಮೊದಲ 8 ನಿಮಿಷ ಓದಲು, ಕೊನೆಯ 12 ನಿಮಿಷ ತಿರುಗಿ ನೋಡಲು ತೆಗೆದಿಟ್ಟರೆ ಉಳಿಯುವುದು 160. ಒಂದು ಅಂಕಕ್ಕೆ 1.6 ನಿಮಿಷ. ಹತ್ತು ಅಂಕದ ಪ್ರಶ್ನೆಗೆ 16 ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಜಾಸ್ತಿ ಬೇಡ. 16 ಮುಗಿದಾಗ ಉತ್ತರ ಅರ್ಧವಾಗಿದ್ದರೆ ಕೆಳಗೆ ಜಾಗ ಬಿಟ್ಟು ಮುಂದೆ ಹೋಗಿ. ಪ್ರತಿ ಉತ್ತರದ ಮೊದಲ ಕೆಲವು ಅಂಕ ಬೇಗ ಬರುತ್ತವೆ, ಕೊನೆಯ ಎರಡು ಅಂಕಕ್ಕೆ ಬಹಳ ಹೊತ್ತು ಬೇಕು. ಮುಟ್ಟದೆ ಬಿಟ್ಟ ಪ್ರಶ್ನೆಯಲ್ಲಿ ಸುಲಭದ ಅಂಕಗಳೂ ಹೋಗುತ್ತವೆ.

ಮರುಪರೀಕ್ಷೆಗೆ ಮುಂಚೆ ಕನಿಷ್ಠ ಮೂರು ಹಳೆಯ ಪತ್ರಿಕೆಗಳನ್ನು ಪೂರ್ತಿ ಮೂರು ಗಂಟೆ, ಫೋನ್ ಬೇರೆ ಕೋಣೆಯಲ್ಲಿಟ್ಟು, ಕೈಬರಹದಲ್ಲಿ ಬರೆಯಿರಿ. ಮೊದಲನೆಯದನ್ನು ನಾಲ್ಕು ವಾರ ಮುಂಚೆ ಬರೆದರೆ ತಿದ್ದಿಕೊಳ್ಳಲು ಹೊತ್ತಿರುತ್ತದೆ. ಹಿಂದಿನ ದಿನ ಬರೆದರೆ ಅದು ಹೆದರಿಕೆ ಹುಟ್ಟಿಸಲು ಮಾತ್ರ. ಪ್ರತಿ ಪತ್ರಿಕೆಗೂ ಅದೇ ಆರು ಗುರುತಿನ ಹಾಳೆ ಮಾಡಿ, ಹಳೆಯದರ ಪಕ್ಕ ಇಡಿ.

ಪ್ರಾಜೆಕ್ಟ್, ಅಸೈನ್‌ಮೆಂಟ್

ಇಲ್ಲಿ ಸೋಲಿಗೆ ಹೆಚ್ಚಾಗಿ ಕಾರಣವಾಗುವುದು ತಡ. ಇನ್ನೊಂದು ಕಾರಣ ಮೌಲ್ಯಮಾಪನದ ಮಾನದಂಡವನ್ನು ಕೆಲಸ ಮುಗಿದ ಮೇಲೆ ಓದುವುದು. ಮಾನದಂಡವನ್ನು ಮೊದಲ ದಿನವೇ ತಲೆಬರಹಗಳಾಗಿ ಇಳಿಸಿಕೊಂಡು ಅದರ ಕೆಳಗೆ ಬರೆಯುತ್ತಾ ಹೋಗಿ. ನಕಲು ಎಂದು ತಿರಸ್ಕೃತವಾಗಿದ್ದರೆ ಉಲ್ಲೇಖಿಸುವ ಕ್ರಮವನ್ನು ಗ್ರಂಥಪಾಲಕರಿಂದ ಕಲಿತುಕೊಳ್ಳಿ. ಮೂಲವನ್ನು ನೋಡುತ್ತಾ ಪದ ಬದಲಿಸುವುದು ಸ್ವಂತ ಬರವಣಿಗೆಯಲ್ಲ. ಓದಿ, ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆದು, ಕೊನೆಗೆ ಮೂಲದ ಹೆಸರು ಹಾಕಿ.

ಓದಿನ ರೀತಿ ಕಾರಣವಲ್ಲದಿದ್ದರೆ

ಸೋರಿಕೆಯ ಹಾಳೆಯಲ್ಲಿ ಎಲ್ಲ ವಿಷಯಗಳಲ್ಲೂ "ಗೊತ್ತಿಲ್ಲ" ಎಂಬುದೇ ತುಂಬಿದ್ದರೆ, ಅಂದರೆ ಪುಸ್ತಕವನ್ನೇ ತೆರೆದಿರಲಿಲ್ಲ ಎಂದಾದರೆ, ಓದುವ ತಂತ್ರದಿಂದ ಉಪಯೋಗವಿಲ್ಲ. ಒಂದು ವಾರ ಅರ್ಧ ಗಂಟೆಗೊಮ್ಮೆ ಏನು ಮಾಡಿದಿರೆಂದು ಬರೆದಿಡಿ. ವಾರಕ್ಕೆ 25 ಗಂಟೆ ಕೆಲಸಕ್ಕೆ ಹೋಗುತ್ತಿದ್ದರೆ ಮುಂದಿನ ಸೆಮಿಸ್ಟರಿಗೆ ಒಂದೆರಡು ವಿಷಯ ಕಡಿಮೆ ತೆಗೆದುಕೊಳ್ಳಲು ಬರುತ್ತದೆಯೇ ಕೇಳಿ. ಫೋನಿಗೆ ಹೋಗುತ್ತಿದ್ದರೆ ಅಂಕಿ ಕಣ್ಣಿಗೆ ಬೀಳುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ, ಊಟ ತಪ್ಪಿ, ಎದ್ದು ತರಗತಿಗೆ ಹೋಗಲಾಗದ ಸ್ಥಿತಿಯಿದ್ದರೆ ವೈದ್ಯರನ್ನು ಕಾಣಬೇಕು. ವೈದ್ಯಕೀಯ ದಾಖಲೆಯಿದ್ದರೆ ಪರೀಕ್ಷೆ ಮುಂದೂಡಿಕೆ, ಹೆಚ್ಚುವರಿ ಸಮಯದಂಥ ಸೌಲಭ್ಯ ಕೊಡುವ ವಿಶ್ವವಿದ್ಯಾಲಯಗಳಿವೆ. ಆದರೆ ಅರ್ಜಿ ಸಾಮಾನ್ಯವಾಗಿ ಪರೀಕ್ಷೆಗೆ ಮುಂಚೆಯೇ ಹೋಗಬೇಕು.

ಕೋರ್ಸೇ ಬದಲಿಸಬೇಕೇ ಎಂಬ ಪ್ರಶ್ನೆಗೆ ಫೇಲಾದ ಅಂಕದಿಂದ ಉತ್ತರ ಸಿಗುವುದಿಲ್ಲ. ಓದುವ ರೀತಿ ಬದಲಿಸಿ ಒಂದು ಇಂಟರ್ನಲ್ಸ್ ಬರೆದು ನೋಡಿ. ಅಂಕ ಏರಿದರೂ ವಿಷಯ ಮುಟ್ಟಲು ಮನಸ್ಸೇ ಬಾರದಿದ್ದರೆ ಆಗ ಕೋರ್ಸ್ ಬದಲಿಸುವ ಮಾತಿಗೆ ಆಧಾರವಿದೆ. ಅಂಕವೂ ಏರದಿದ್ದರೆ ಮೊದಲು ಎರಡೂ ಪತ್ರಿಕೆಗಳ ಸೋರಿಕೆಯ ಹಾಳೆಗಳನ್ನು ಹೋಲಿಸಿ. ಸೋರಿಕೆ ಜಾಗ ಬದಲಿಸಿದೆಯೇ, "ನೆನಪಿಲ್ಲ" ಇಳಿದು "ಸಮಯ" ಏರಿದೆಯೇ? ಹಾಗಿದ್ದರೆ ಕಲಿಕೆ ಆಗಿದೆ, ಬರೆಯುವ ವೇಗ ಇನ್ನೂ ಬಂದಿಲ್ಲ, ಮುಂದಿನ ಮೂರು ವಾರ ಗಡಿಯಾರ ಇಟ್ಟುಕೊಂಡು ಬರೆಯುವುದಕ್ಕೆ ಮೀಸಲಿಡಿ. ಎರಡೂ ಹಾಳೆ ಒಂದೇ ರೀತಿ ಇದ್ದರೆ ಖಾಲಿ ಹಾಳೆಯ ಅಭ್ಯಾಸವನ್ನು ವಾರಕ್ಕೆ ಎಷ್ಟು ದಿನ ನಿಜವಾಗಿ ಮಾಡಿದಿರಿ ಎಂದು ಎಣಿಸಿ, ಅಲ್ಲಿಂದ ಮತ್ತೆ ಶುರು ಮಾಡಿ.